ಕೆಲಸದಲ್ಲಿ ಪೆಟ್ಟಾದ ಮೇಲೆ: ವಕೀಲರಿಗಿಂತ ಮೊದಲು ಹುಡುಕಬೇಕಾದದ್ದು ಯಾವ ಬಾಗಿಲು?

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಒಂದೇ ದಿನ ಜಾರಿಗೆ ತಂದಿತು. ಚರ್ಚೆಯೆಲ್ಲ ಗ್ರಾಚ್ಯುಟಿ, ಕೈಗೆ ಸಿಗುವ ಸಂಬಳ, ಕೆಲಸದ ಗಂಟೆ ಇವುಗಳ ಸುತ್ತಲೇ ನಡೆಯಿತು. ಆದರೆ ಅದೇ ದಿನ ಸದ್ದಿಲ್ಲದೆ ಇನ್ನೊಂದು ಕೆಲಸವೂ ಆಯಿತು. ಕೆಲಸ ಮಾಡುವಾಗ ಗಾಯಗೊಂಡವರು ನೂರು ವರ್ಷದಿಂದ ನಂಬಿಕೊಂಡಿದ್ದ 1923ರ ಪರಿಹಾರ ಕಾಯ್ದೆ ರದ್ದಾಗಿ, ಅದರ ತಿರುಳು ಸಾಮಾಜಿಕ ಭದ್ರತಾ ಸಂಹಿತೆಯ ಒಂದು ಅಧ್ಯಾಯವಾಗಿ ಸೇರಿಕೊಂಡಿತು. 1948ರ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾಯ್ದೆಯೂ ಅದೇ ಸಂಹಿತೆಯೊಳಗೆ ಹೋಯಿತು.

ಹಾಗಾಗಿ ಈಗ ಎಲ್ಲರಿಗೂ ಗೊಂದಲ. ಹಳೆ ಕೇಸು ಬಿದ್ದುಹೋಯಿತಾ? ಅರ್ಜಿ ಯಾರಿಗೆ ಕೊಡಬೇಕು? ವಕೀಲರನ್ನು ಹಿಡಿಯಲೇಬೇಕಾ, ಹಿಡಿದರೆ ಎಂಥವರನ್ನು? ಕೊನೆಯ ಪ್ರಶ್ನೆಯನ್ನೇ ಜನ ಮೊದಲು ಕೇಳುತ್ತಾರೆ. ಅದು ಸಹಜ. ಆದರೆ ಅದಕ್ಕಿಂತ ಮುಂಚೆ ಗೊತ್ತಾಗಬೇಕಾದ್ದು ನಿಮ್ಮ ಪ್ರಕರಣ ಯಾವ ಬಾಗಿಲಿಗೆ ಹೋಗಬೇಕು ಅನ್ನುವುದು. ಬಾಗಿಲು ತಪ್ಪಿದರೆ ಎಷ್ಟೇ ಒಳ್ಳೆಯ ವಕೀಲರಿದ್ದರೂ ಎರಡು ಮೂರು ವರ್ಷ ಓಡಾಡಿ, ಕೊನೆಗೆ "ಇಲ್ಲಿ ಬರಬಾರದಿತ್ತು" ಅನ್ನುವ ಆದೇಶ ಕೈಗೆ ಬರುತ್ತದೆ.

ಇಂಟರ್ನೆಟ್‌ನ ಸಲಹೆ ಬಹಳಷ್ಟು ಅಮೆರಿಕದ್ದು

ಕೆಲಸದ ಗಾಯ, ಪರಿಹಾರ, ವಕೀಲ ಅಂತ ಇಂಗ್ಲಿಷ್‌ನಲ್ಲಿ ಹುಡುಕಿ ನೋಡಿ. ಬರುವ ಪುಟಗಳಲ್ಲಿ ಹೆಚ್ಚಿನವು ಅಮೆರಿಕದ ವಕೀಲರವು. "ಗೆದ್ದರೆ ಮಾತ್ರ ಫೀಸು", "ಮೊದಲ ಭೇಟಿ ಉಚಿತ", "ಇವತ್ತೇ ಫೋನ್ ಮಾಡಿ". ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಪರಿಹಾರ ಕಾನೂನು. ಸಿಕ್ಕ ಹಣದಲ್ಲಿ ಪಾಲು ತೆಗೆದುಕೊಂಡು ಕೇಸು ನಡೆಸುವುದು ಅಲ್ಲಿ ಕಾನೂನುಬದ್ಧ. ಹಾಗಾಗಿ ಜಾಹೀರಾತು ಜೋರು.

ನಮ್ಮಲ್ಲಿ ಈ ಎರಡಕ್ಕೂ ಅವಕಾಶ ಇಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಟ್ಟು ಕಕ್ಷಿದಾರರನ್ನು ಕರೆಯುವಂತಿಲ್ಲ. 2008ರ ತಿದ್ದುಪಡಿಯ ನಂತರ ಹೆಸರು, ವಿಳಾಸ, ಯಾವ ಬಗೆಯ ಕೇಸು ನಡೆಸುತ್ತಾರೆ ಅನ್ನುವಂಥ ಸಣ್ಣ ಮಾಹಿತಿಯನ್ನು ವೆಬ್‌ಸೈಟಿನಲ್ಲಿ ಹಾಕಬಹುದು, ಅಷ್ಟೇ. ವಕೀಲರನ್ನು ಸರಕಿನ ಹಾಗೆ ಪಟ್ಟಿ ಮಾಡಿ ತೋರಿಸುವ ಜಾಲತಾಣಗಳ ವಿರುದ್ಧ 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಖಾರವಾಗಿಯೇ ಆದೇಶ ಕೊಟ್ಟಿತು. ಇದರಿಂದ ವಕೀಲ ವೃತ್ತಿಯ ಗೌರವ ಉಳಿಯುತ್ತದೆ ಅನ್ನುವುದು ಒಂದು ವಾದ. ಇನ್ನೊಂದು ಪರಿಣಾಮವೂ ಇದೆ. ಗಾಯಗೊಂಡ ಕಾರ್ಮಿಕನಿಗೆ ಯಾರು ಈ ಕೆಲಸದಲ್ಲಿ ಪಳಗಿದವರು ಅಂತ ತಿಳಿಯುವ ನೇರ ದಾರಿಯೇ ಇಲ್ಲವಾಗಿ, ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲುವ ಏಜೆಂಟರ ಕೈಗೆ ಸುಲಭವಾಗಿ ಸಿಗುತ್ತಾನೆ.

ಮೊದಲ ಬಾಗಿಲು: ಇಎಸ್‌ಐ

ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಜಾಗ, ತಿಂಗಳ ಸಂಬಳ 21,000 ರೂಪಾಯಿಯೊಳಗೆ. ಈ ಎರಡೂ ಇದ್ದರೆ ಸಾಮಾನ್ಯವಾಗಿ ನೀವು ಇಎಸ್‌ಐ ವ್ಯಾಪ್ತಿಗೆ ಬರುತ್ತೀರಿ. ಅಂಗವಿಕಲ ನೌಕರರಿಗೆ ಈ ಮಿತಿ 25,000. ಸಂಬಳದಿಂದ ಶೇ 0.75 ಕಡಿತ, ಮಾಲೀಕರಿಂದ ಶೇ 3.25. ಹೊಸ ಸಂಹಿತೆಯಲ್ಲಿ ಅಪಾಯಕಾರಿ ಅಂತ ಸರ್ಕಾರ ಗುರುತಿಸುವ ಕೆಲಸಗಳಿಗೆ ಒಬ್ಬನೇ ನೌಕರ ಇದ್ದರೂ ಇಎಸ್‌ಐ ಅನ್ವಯಿಸಬಹುದು.

ಈಗ ಮುಖ್ಯವಾದ ವಿಷಯ. ಇಎಸ್‌ಐ ವ್ಯಾಪ್ತಿಯಲ್ಲಿದ್ದವರು ಅದೇ ಗಾಯಕ್ಕೆ ಮಾಲೀಕರ ಮೇಲೆ ಪ್ರತ್ಯೇಕ ಪರಿಹಾರ ಅರ್ಜಿ ಹಾಕುವಂತಿಲ್ಲ. ಹಳೆ ಇಎಸ್‌ಐ ಕಾಯ್ದೆಯ 53ನೇ ಸೆಕ್ಷನ್ ಹೇಳುತ್ತಿದ್ದದ್ದು ಇದನ್ನೇ. ಬಹಳ ಜನ, ಕೆಲವೊಮ್ಮೆ ಅವರ ವಕೀಲರೂ, ಎಡವುವುದು ಇಲ್ಲೇ. "ನನಗೆ ಇಎಸ್‌ಐ ಕಾರ್ಡೇ ಮಾಡಿಸಿಲ್ಲ, ಹಾಗಾಗಿ ನಾನು ಆ ಲೆಕ್ಕಕ್ಕೆ ಬರಲ್ಲ" ಅಂದುಕೊಳ್ಳುತ್ತಾರೆ. ಹಾಗಲ್ಲ. ನೋಂದಣಿ ಮತ್ತು ವಂತಿಗೆ ಎರಡೂ ಸಾವಿನ ನಂತರ ಆಗಿದ್ದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ: ಸಂಸ್ಥೆ ಇಎಸ್‌ಐ ವ್ಯಾಪ್ತಿಯಲ್ಲಿದ್ದರೆ ನೌಕರ ಕೆಲಸಕ್ಕೆ ಸೇರಿದ ದಿನದಿಂದಲೇ ವಿಮೆಯೊಳಗೆ ಇದ್ದಾನೆ. ಮಾಲೀಕ ಹಣ ಕಟ್ಟದಿದ್ದರೆ ಅದು ಇಎಸ್‌ಐ ನಿಗಮ ಮತ್ತು ಮಾಲೀಕರ ನಡುವಿನ ವಸೂಲಿ ವಿಷಯ. ಅಂದರೆ ಜೇಬಿನಲ್ಲಿ ಕಾರ್ಡ್ ಇದೆಯಾ ಇಲ್ಲವಾ ಅನ್ನುವುದರಿಂದ ಬಾಗಿಲು ತೀರ್ಮಾನ ಆಗುವುದಿಲ್ಲ. ಆ ಜಾಗದಲ್ಲಿ ಎಷ್ಟು ಜನ ಕೆಲಸ ಮಾಡುತ್ತಿದ್ದರು, ನಿಮ್ಮ ಸಂಬಳ ಎಷ್ಟಿತ್ತು ಅನ್ನುವುದರಿಂದ ಆಗುತ್ತದೆ.

ಇಎಸ್‌ಐ ಕೊಡುವುದು ಕಡಿಮೆಯೇನಲ್ಲ. ಕೆಲಸದ ಗಾಯಕ್ಕೆ ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕು ಅನ್ನುವ ಷರತ್ತಿಲ್ಲ. ಗುಣವಾಗುವವರೆಗೆ ಸಂಬಳದ ಸುಮಾರು ಶೇ 90 ಸಿಗುತ್ತದೆ, ಚಿಕಿತ್ಸೆ ಬೇರೆ. ಶಾಶ್ವತ ಊನ ಉಳಿದರೆ ವೈದ್ಯಕೀಯ ಮಂಡಳಿ ಹೇಳುವ ಶೇಕಡಾವಾರಿಗೆ ತಕ್ಕಂತೆ ಜೀವಮಾನವಿಡೀ ತಿಂಗಳ ಹಣ. ಉದಾಹರಣೆಗೆ 20,000 ಸಂಬಳದವರು ಹೆಬ್ಬೆರಳು ಕಳೆದುಕೊಂಡರು ಅನ್ನಿ. ಯಾವ ಅಂಗ ಹೋದರೆ ಎಷ್ಟು ಅಂತ ಕಾನೂನಿನಲ್ಲೇ ಇರುವ ಪಟ್ಟಿಯ ಪ್ರಕಾರ ಅದು ಶೇ 30ರ ನಷ್ಟ. ಸಂಬಳದ ಶೇ 90 ಅಂದರೆ 18,000, ಅದರ ಶೇ 30 ಅಂದರೆ ತಿಂಗಳಿಗೆ ಸುಮಾರು 5,400 ರೂಪಾಯಿ.

ಈ ಬಾಗಿಲಲ್ಲಿ ವಕೀಲರ ಕೆಲಸ ಕಡಿಮೆ. ಅಪಘಾತದ ವರದಿಯನ್ನು ಮಾಲೀಕರು ಸರಿಯಾಗಿ ಕಳಿಸಿದರೆ ಸ್ಥಳೀಯ ಇಎಸ್‌ಐ ಶಾಖಾ ಕಚೇರಿಯಲ್ಲೇ ಬಹುಪಾಲು ಮುಗಿಯುತ್ತದೆ. ವಕೀಲರು ಬೇಕಾಗುವುದು ಎರಡು ಸಂದರ್ಭದಲ್ಲಿ. ಇದು ಕೆಲಸದ ಗಾಯವೇ ಅಲ್ಲ ಅಂತ ನಿಗಮ ತಳ್ಳಿಹಾಕಿದಾಗ. ಅಥವಾ ಮಂಡಳಿ ಹಾಕಿದ ಶೇಕಡಾ ತೀರಾ ಕಡಿಮೆ ಅನ್ನಿಸಿದಾಗ. ಮಂಡಳಿಯ ತೀರ್ಮಾನದ ಮೇಲೆ ಮೇಲ್ಮನವಿ ಇದೆ, ನೌಕರರ ವಿಮಾ ನ್ಯಾಯಾಲಯವೂ ಇದೆ.

ಎರಡನೇ ಬಾಗಿಲು: ಮಾಲೀಕರಿಂದ ಪರಿಹಾರ

ಹತ್ತಕ್ಕಿಂತ ಕಡಿಮೆ ಜನರ ವರ್ಕ್‌ಶಾಪು, ಇಎಸ್‌ಐ ತಲುಪದ ಕೆಲಸಗಳು, 21,000ಕ್ಕಿಂತ ಹೆಚ್ಚು ಸಂಬಳದವರು. ಇವರಿಗೆ 1923ರ ಕಾಯ್ದೆ, ಈಗ ಸಂಹಿತೆಯ 7ನೇ ಅಧ್ಯಾಯ. ದಿನಗೂಲಿ ಅನ್ನುವ ಕಾರಣಕ್ಕೆ ಹಕ್ಕು ತಪ್ಪುವುದಿಲ್ಲ. ಅಂಥ ತೊಡಕನ್ನು 2000ದ ತಿದ್ದುಪಡಿ ತೆಗೆದುಹಾಕಿತ್ತು.

ಈ ಕಾನೂನಿನ ಜೀವಾಳ ಒಂದೇ: ತಪ್ಪು ಯಾರದು ಅಂತ ಕೇಳುವುದಿಲ್ಲ. ಗಾಯ ಕೆಲಸದಿಂದ, ಕೆಲಸದ ಅವಧಿಯಲ್ಲಿ ಆಯಿತಾ ಅನ್ನುವುದಷ್ಟೇ ಪ್ರಶ್ನೆ. ಆ ಗಾಯದಿಂದ ಮೂರು ದಿನಕ್ಕಿಂತ ಹೆಚ್ಚು ಕಾಲ ಕೆಲಸಕ್ಕೆ ಆಗದಂತಿರಬೇಕು. ಕುಡಿದಿದ್ದರು, ಬೇಕಂತಲೇ ಸುರಕ್ಷತಾ ಗಾರ್ಡ್ ತೆಗೆದರು ಅಂತ ಮಾಲೀಕರು ವಾದಿಸಬಹುದು. ಆದರೆ ಸಾವು ಅಥವಾ ಪೂರ್ತಿ ಶಾಶ್ವತ ಊನವಾದಾಗ ಆ ವಾದಕ್ಕೂ ಜಾಗ ಇಲ್ಲ. ಅಜಾಗ್ರತೆಯಿಂದ ಕೈ ಕೊಟ್ಟರು ಅನ್ನುವುದಂತೂ ವಾದವೇ ಅಲ್ಲ. "ತಪ್ಪು ನಿನ್ನದೇ, ಏನೂ ಸಿಗಲ್ಲ" ಅಂತ ಸೂಪರ್‌ವೈಸರ್ ಹೇಳಿದರೆ ಅದು ಕಾನೂನಲ್ಲ, ಅವರ ಅನಿಸಿಕೆ.

ಲೆಕ್ಕ ಹೇಗೆ? ಪೂರ್ತಿ ಊನಕ್ಕೆ ತಿಂಗಳ ಸಂಬಳದ ಶೇ 60, ಸಾವಿಗೆ ಶೇ 50. ಅದನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸುತ್ತಾರೆ. 30 ವರ್ಷಕ್ಕೆ ಆ ಅಂಕಿ 207.98, 40ಕ್ಕೆ 184.17, 50ಕ್ಕೆ 153.09. ಆದರೆ ಒಂದು ಗೇಟು ಇದೆ. ಸಂಬಳ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವುದು 2020ರ ಜನವರಿಯಲ್ಲಿ ನಿಗದಿಯಾದ 15,000 ರೂಪಾಯಿಯವರೆಗೆ ಮಾತ್ರ. ಅದಕ್ಕೂ ಹಿಂದೆ ಅದು ಬರೀ 8,000 ಇತ್ತು.

25,000 ಸಂಪಾದಿಸುವ 30 ವರ್ಷದವರು ಪೂರ್ತಿ ಊನವಾದರೆ 9,000 ಗುಣಿಸು 207.98, ಅಂದರೆ 18,71,820 ರೂಪಾಯಿ. ಅದೇ ವ್ಯಕ್ತಿ ತೀರಿಕೊಂಡರೆ 15,59,850. ಹೆಬ್ಬೆರಳು ಮಾತ್ರ ಹೋದರೆ ಶೇ 30, ಅಂದರೆ 5,61,546. ಕೈ ಹೋದರೆ ಶೇ 60, ಅಂದರೆ 11,23,092. ಚಿಕಿತ್ಸೆಗೆ ನಿಜವಾಗಿ ಆದ ಖರ್ಚನ್ನು ಮಾಲೀಕರು ಇದರ ಮೇಲೆ ಕೊಡಬೇಕು. ಹಾಗಾಗಿ ಮೆಡಿಕಲ್ ಬಿಲ್ಲು ಕಟ್ಟಿದ್ದೇವೆ, ಲೆಕ್ಕ ಚುಕ್ತಾ ಅನ್ನುವಂತಿಲ್ಲ.

ಹಣ ಒಂದು ತಿಂಗಳೊಳಗೆ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 12 ಬಡ್ಡಿ, ತಡಕ್ಕೆ ಸರಿಯಾದ ಕಾರಣ ಇಲ್ಲದಿದ್ದರೆ ಶೇ 50ರವರೆಗೆ ದಂಡ. ಮೇಲಿನ ಹೆಬ್ಬೆರಳಿನ ಪ್ರಕರಣ ಮೂರು ವರ್ಷ ಎಳೆದರೆ ಬಡ್ಡಿಯೇ 2 ಲಕ್ಷ ದಾಟುತ್ತದೆ. ವಿಮೆ ಇದ್ದರೆ ಪರಿಹಾರ ಮತ್ತು ಬಡ್ಡಿಯನ್ನು ವಿಮಾ ಕಂಪನಿ ಕೊಡುತ್ತದೆ, ದಂಡ ಮಾತ್ರ ಮಾಲೀಕರ ಜೇಬಿನಿಂದಲೇ ಬರಬೇಕು ಅಂತ ಸುಪ್ರೀಂ ಕೋರ್ಟ್ 1997ರಲ್ಲಿ ಹೇಳಿದೆ. ಅರ್ಜಿಯಲ್ಲಿ ಬಡ್ಡಿ, ದಂಡ ಎರಡನ್ನೂ ಕೇಳಿದ್ದಾರಾ ಅಂತ ಒಮ್ಮೆ ಓದಿ ನೋಡುವುದು ಒಳ್ಳೆಯದು.

ಕಂಟ್ರಾಕ್ಟರ್ ಕೈ ಎತ್ತಿಬಿಟ್ಟರೆ? ತನ್ನ ವ್ಯವಹಾರದ ಭಾಗವಾದ ಕೆಲಸವನ್ನು ಕಂಟ್ರಾಕ್ಟರ್‌ಗೆ ಕೊಟ್ಟ ಮುಖ್ಯ ಮಾಲೀಕರಿಂದಲೇ ಪರಿಹಾರ ಕೇಳಬಹುದು. ಅವರು ಆಮೇಲೆ ಕಂಟ್ರಾಕ್ಟರ್‌ನಿಂದ ವಸೂಲಿ ಮಾಡಿಕೊಳ್ಳಲಿ. ಸಬ್ ಕಂಟ್ರಾಕ್ಟ್‌ನ ನಾಲ್ಕನೇ ಮೆಟ್ಟಿಲಲ್ಲಿ ನಿಂತ ಕೆಲಸಗಾರನಿಗೆ ಇದಕ್ಕಿಂತ ದೊಡ್ಡ ಆಸರೆ ಇಲ್ಲ.

ಜಗಳವೆಲ್ಲ ಶೇಕಡಾ ಮೇಲೆ

ಸೂತ್ರ ಇಷ್ಟು ಸರಳ ಇದ್ದರೆ ಕೇಸು ಯಾಕೆ ಎಳೆಯುತ್ತದೆ? ಗುಣಾಕಾರದಲ್ಲಿ ಜಗಳ ಇಲ್ಲ. ಜಗಳ ಇರುವುದು "ಎಷ್ಟು ಶೇಕಡಾ" ಅನ್ನುವುದರಲ್ಲಿ.

ಬೆರಳು, ಕೈ, ಕಣ್ಣು ಹೋದರೆ ಕಾನೂನಿನ ಪಟ್ಟಿಯಲ್ಲೇ ಅಂಕಿ ಇದೆ. ಬೆನ್ನುಮೂಳೆ ಪೆಟ್ಟು, ಕಾಲಿನೊಳಗೆ ರಾಡ್ ಹಾಕಿದ ಮೂಳೆ ಮುರಿತ, ತಲೆಗಾಯ, ಇವುಗಳಿಗೆ ಹಾಗೆ ಸಿದ್ಧ ಅಂಕಿ ಇಲ್ಲ. ವೈದ್ಯರು ಹೇಳಬೇಕು. ಇಲ್ಲಿ ಎರಡು ಬೇರೆ ಬೇರೆ ವಿಷಯಗಳು ಕಲಸಿಹೋಗುತ್ತವೆ. ದೇಹದ ಊನ ಒಂದು, ಸಂಪಾದಿಸುವ ಶಕ್ತಿ ಎಷ್ಟು ಹೋಯಿತು ಅನ್ನುವುದು ಇನ್ನೊಂದು. ಕಾಲಿಗೆ ಶೇ 30 ಊನ ಅಂತ ವೈದ್ಯರು ಬರೆದರು ಅನ್ನಿ. ಕುಳಿತು ಲೆಕ್ಕ ಬರೆಯುವವರಿಗೆ ಅದರಿಂದ ದುಡಿಮೆ ಅಷ್ಟೇನೂ ಕಡಿಮೆ ಆಗದಿರಬಹುದು. ಸಾರವೆ ಹತ್ತಿ ಕೆಲಸ ಮಾಡುವ ಗಾರೆ ಮೇಸ್ತ್ರಿಗೆ ಅದೇ ಗಾಯ ಕೆಲಸವನ್ನೇ ಕಿತ್ತುಕೊಳ್ಳುತ್ತದೆ. ಕಾನೂನು ಪರಿಹಾರ ಕೊಡುವುದು ಎರಡನೆಯದಕ್ಕೆ.

ಈ ವಿಷಯದಲ್ಲಿ 1975ರ ಒಂದು ಸುಪ್ರೀಂ ಕೋರ್ಟ್ ತೀರ್ಪನ್ನು ವಕೀಲರು ಇವತ್ತಿಗೂ ಎತ್ತಿ ಹೇಳುತ್ತಾರೆ. ಬಡಗಿಯೊಬ್ಬರು ಕೆಲಸದಲ್ಲಿ ಬಿದ್ದು ಎಡಗೈಯನ್ನು ಮೊಣಕೈಯಿಂದ ಕಳೆದುಕೊಂಡಿದ್ದರು. ಪಟ್ಟಿ ನೋಡಿ ಭಾಗಶಃ ಊನ ಅಂತ ಲೆಕ್ಕ ಹಾಕಿ ಅನ್ನುವುದು ಮಾಲೀಕರ ವಾದ. ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡಲು ಆಗುವುದಿಲ್ಲ, ಹಾಗಾಗಿ ಇದು ಪೂರ್ತಿ ಊನವೇ ಅಂತ ಕೋರ್ಟ್ ಹೇಳಿತು. ಪರಿಹಾರ ಕೊಡುವ ಹೊಣೆ ಅಪಘಾತವಾದ ದಿನದಿಂದಲೇ ಹುಟ್ಟುತ್ತದೆ ಅನ್ನುವುದೂ ಅದೇ ತೀರ್ಪಿನಲ್ಲಿದೆ.

ಶೇ 30ಕ್ಕೂ ಶೇ 100ಕ್ಕೂ ಇರುವ ಅಂತರ ನಮ್ಮ ಉದಾಹರಣೆಯಲ್ಲಿ 13 ಲಕ್ಷಕ್ಕೂ ಜಾಸ್ತಿ. ವಿಮಾ ಕಂಪನಿ ತನ್ನ ವಕೀಲರನ್ನು ಇಟ್ಟು ಹೋರಾಡುವುದು ಈ ಅಂತರಕ್ಕಾಗಿ. ಬಿಡಿಸಿಕೊಂಡು ಬರಬೇಕಾದ್ದೂ ಇದನ್ನೇ. ಒಳ್ಳೆ ಪರಿಹಾರ ವಕೀಲರ ಗುರುತು ಇಲ್ಲಿ ಸಿಗುತ್ತದೆ. ಅವರು ಚಿಕಿತ್ಸೆ ಮಾಡಿದ ವೈದ್ಯರನ್ನೇ ಸಾಕ್ಷಿಗೆ ಕರೆಸುವ ಮಾತಾಡುತ್ತಾರೆ, ನೀವು ದಿನವೂ ಯಾವ ಯಾವ ಕೆಲಸ ಮಾಡುತ್ತಿದ್ದಿರಿ ಅಂತ ಬಿಡಿಸಿ ಬಿಡಿಸಿ ಕೇಳುತ್ತಾರೆ, ಈಗ ಅದರಲ್ಲಿ ಯಾವುದು ಆಗುತ್ತಿಲ್ಲ ಅಂತ ಬರೆದುಕೊಳ್ಳುತ್ತಾರೆ. "ಒಂದು ಡಿಸೆಬಿಲಿಟಿ ಸರ್ಟಿಫಿಕೇಟ್ ಮಾಡಿಸೋಣ, ನನಗೆ ಗೊತ್ತಿರೋ ಡಾಕ್ಟರ್ ಇದ್ದಾರೆ" ಅನ್ನುವವರ ಹತ್ತಿರ ಹುಷಾರು. ಚಿಕಿತ್ಸೆಯನ್ನೇ ನೋಡದ ವೈದ್ಯರು ಕೊಟ್ಟ ಕಾಗದ ಪಾಟೀಸವಾಲಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಲಾರಿ, ಟೆಂಪೊ ಓಡಿಸುವವರಿಗೆ ಮೂರನೇ ಬಾಗಿಲು

ಡ್ರೈವರ್, ಕ್ಲೀನರ್, ಲೋಡರ್ ರಸ್ತೆಯಲ್ಲಿ ಗಾಯಗೊಂಡರೆ ಇನ್ನೊಂದು ಆಯ್ಕೆ ಇದೆ: ಮೋಟಾರು ಅಪಘಾತ ನ್ಯಾಯಮಂಡಳಿ. ಅಲ್ಲಿ 15,000ದ ಗೇಟು ಇಲ್ಲ, ನಿಜವಾದ ಸಂಪಾದನೆ ನೋಡುತ್ತಾರೆ. ಆದರೆ ಪೂರ್ತಿ ಪರಿಹಾರ ಬೇಕಿದ್ದರೆ ಸಾಮಾನ್ಯವಾಗಿ ಬೇರೆಯವರ ತಪ್ಪನ್ನು ತೋರಿಸಬೇಕು. ಲಾರಿ ತಾನೇ ಮಗುಚಿ ಡ್ರೈವರ್‌ಗೆ ಪೆಟ್ಟಾಗಿದ್ದರೆ ಆ ದಾರಿ ಕಷ್ಟ, ತಪ್ಪು ಕೇಳದ ಪರಿಹಾರ ಕಾನೂನೇ ಗಟ್ಟಿ. ಎದುರಿನಿಂದ ಬಂದ ಬಸ್ಸು ಗುದ್ದಿದ್ದರೆ ನ್ಯಾಯಮಂಡಳಿಯಲ್ಲಿ ಹೆಚ್ಚು ಸಿಗಬಹುದು.

ಎರಡೂ ಕಡೆ ಕೇಳುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 167ನೇ ಸೆಕ್ಷನ್ ಒಂದನ್ನೇ ಆರಿಸಿಕೊಳ್ಳಿ ಅನ್ನುತ್ತದೆ. ಅವಧಿಯೂ ಬೇರೆ ಬೇರೆ. ನ್ಯಾಯಮಂಡಳಿಗೆ ಕಾಯ್ದೆ ಇಟ್ಟಿರುವುದು 6 ತಿಂಗಳು, ಪರಿಹಾರ ಅರ್ಜಿಗೆ 2 ವರ್ಷ. ಈ ಎರಡರ ಲೆಕ್ಕವನ್ನು ಪಕ್ಕಪಕ್ಕದಲ್ಲಿ ಬರೆದು ತೋರಿಸದೆ ಸುಮ್ನೆ ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳುವ ವಕೀಲರು, ನಿಮಗೆ ಲಾಭವಾಗುವ ದಾರಿಗಿಂತ ತಮಗೆ ರೂಢಿಯಾದ ದಾರಿ ಹಿಡಿಯುತ್ತಿರಬಹುದು.

ವಕೀಲರು ಬೇಕೇ ಬೇಕಾ?

ಕಾನೂನು ಕಟ್ಟಿದ ರೀತಿ ನೋಡಿದರೆ, ಬೇಡ. ಪರಿಹಾರ ತೀರ್ಮಾನಿಸುವ ಪ್ರಾಧಿಕಾರಕ್ಕೆ (ಹಿಂದೆ ಆಯುಕ್ತರು ಅನ್ನುತ್ತಿದ್ದರು) ಕಾರ್ಮಿಕ ತಾನೇ ಅರ್ಜಿ ಕೊಡಬಹುದು. ನೋಂದಾಯಿತ ಕಾರ್ಮಿಕ ಸಂಘದ ಪದಾಧಿಕಾರಿ ಅವರ ಪರವಾಗಿ ಹಾಜರಾಗಬಹುದು. ಅಪಘಾತ ಆದ ಊರು, ಈಗ ವಾಸ ಇರುವ ಊರು, ಕಂಪನಿಯ ನೋಂದಾಯಿತ ಕಚೇರಿ ಇರುವ ಊರು, ಎಲ್ಲಿ ಬೇಕಾದರೂ ಅರ್ಜಿ ಹಾಕಬಹುದು. ಬೇರೆ ರಾಜ್ಯದಿಂದ ಬಂದು ಇಲ್ಲಿ ಕೈ ಕಳೆದುಕೊಂಡವರು ತಮ್ಮ ಊರಿಗೆ ಹೋಗಿ ಅಲ್ಲಿಂದಲೇ ಕೇಸು ನಡೆಸಲಿ ಅನ್ನುವುದು ಇದರ ಉದ್ದೇಶ. ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು ಅಂತಲೂ ಹಳೆ ಕಾಯ್ದೆ ಹೇಳುತ್ತಿತ್ತು.

ಇದು ಒಂದು ಪಕ್ಷ. ಕಾನೂನನ್ನು ಸರಳ ಮಾಡಿದ್ದೇ ವಕೀಲರ ಖರ್ಚು ಉಳಿಸಲು, ಅವರನ್ನು ಎಳೆದು ತಂದರೆ ತಡವೂ ಆಗುತ್ತದೆ, ಪಾಲೂ ಹೋಗುತ್ತದೆ ಅನ್ನುವವರು ಇವರು. ಎದುರು ಪಕ್ಷದ ಮಾತಿಗೂ ತೂಕ ಇದೆ. ವಿಮಾ ಕಂಪನಿಯ ಪರ ವಕೀಲರು ಕೂತಿರುವಾಗ ಕಾರ್ಮಿಕ ಬರಿಗೈಲಿ ನಿಂತರೆ ಪಾಟೀಸವಾಲು ಮಾಡುವವರು ಯಾರು? ಅವರು ಎತ್ತುವ ಮೊದಲ ತಕರಾರೇ "ಇವರು ನಮ್ಮ ನೌಕರರೇ ಅಲ್ಲ". ಸಂಬಳ ಚೀಟಿ ಇಲ್ಲ, ಹಾಜರಿ ಪುಸ್ತಕ ಅವರ ಕೈಯಲ್ಲೇ ಇದೆ. ಅದನ್ನು ತರಿಸುವುದಕ್ಕೆ ಅರ್ಜಿ ಬರೆಯಲು ಅನುಭವ ಬೇಕು.

ಎರಡರಲ್ಲಿ ಯಾವುದು ಸರಿ ಅನ್ನುವುದು ತಕರಾರು ಎಲ್ಲಿದೆ ಅನ್ನುವುದರ ಮೇಲೆ ನಿಂತಿದೆ ಅಂತ ನನ್ನ ಅಭಿಪ್ರಾಯ. ಮಾಲೀಕರು ನೌಕರಿ ಒಪ್ಪಿಕೊಂಡು, ಗಾಯ ಪಟ್ಟಿಯಲ್ಲೇ ಇರುವಂಥದ್ದಾಗಿದ್ದರೆ ವಕೀಲರಿಲ್ಲದೆಯೂ ನಡೆಯುತ್ತದೆ. ನೌಕರಿಯನ್ನೇ ಅಲ್ಲಗಳೆದರೆ, ಪಟ್ಟಿಯಲ್ಲಿಲ್ಲದ ಗಾಯವಾದರೆ, ಸಾವಿನ ಪ್ರಕರಣದಲ್ಲಿ ಅವಲಂಬಿತರು ಯಾರು ಅನ್ನುವ ಜಗಳ ಇದ್ದರೆ, ವಕೀಲರಿಲ್ಲದೆ ಹೋಗುವುದು ನಷ್ಟದ ಬಾಬತ್ತು. ಇನ್ನೊಂದು ಮಾತು. ಹೈಕೋರ್ಟಿಗೆ ಮೇಲ್ಮನವಿ ಹೋಗುವುದು ಕಾನೂನಿನ ದೊಡ್ಡ ಪ್ರಶ್ನೆ ಇದ್ದಾಗ ಮಾತ್ರ. ಕೆಳಗೆ ಸಾಕ್ಷ್ಯ ಸರಿಯಾಗಿ ದಾಖಲಾಗದಿದ್ದರೆ ಮೇಲೆ ತಿದ್ದಿಕೊಳ್ಳುವುದು ಕಷ್ಟ. ಹಾಗಾಗಿ ಮೊದಲ ಹಂತದಲ್ಲೇ ಒಳ್ಳೆಯ ಕೈ ಬೇಕು.

ಫೀಸು, ಪರ್ಸೆಂಟೇಜು ಮತ್ತು ರಾಜಿ

"ಬಂದದ್ದರಲ್ಲಿ ಇಷ್ಟು ಪರ್ಸೆಂಟ್" ಅನ್ನುವ ಒಪ್ಪಂದ ನಮ್ಮಲ್ಲಿ ವಕೀಲರ ವೃತ್ತಿ ನಿಯಮಕ್ಕೆ ವಿರುದ್ಧ. ಫಲಿತಾಂಶಕ್ಕೆ ಗಂಟು ಹಾಕಿದ ಫೀಸು ಕೇಳುವಂತಿಲ್ಲ, ಬಂದ ಹಣದಲ್ಲಿ ಪಾಲು ಒಪ್ಪಿಕೊಳ್ಳುವಂತಿಲ್ಲ. ಪರಿಹಾರದ ಹಣಕ್ಕೂ ಕಾನೂನು ಬೇಲಿ ಹಾಕಿದೆ. ಅದನ್ನು ಬೇರೆಯವರಿಗೆ ಬರೆದುಕೊಡಲು ಬರುವುದಿಲ್ಲ, ಸಾಲಕ್ಕಾಗಿ ಜಪ್ತಿ ಮಾಡಲೂ ಬರುವುದಿಲ್ಲ.

ಆದರೂ ಪರ್ಸೆಂಟೇಜು ಬಾಯಿಮಾತಿನಲ್ಲಿ ನಡೆಯುತ್ತದೆ, ಅದು ಯಾರಿಗೂ ಗುಟ್ಟಲ್ಲ. ಕೈಯಲ್ಲಿ ಕಾಸಿಲ್ಲದವರಿಗೆ ಮುಂಗಡ ಫೀಸು ಕೊಡುವುದು ಹೇಗೆ ಸಾಧ್ಯ ಅಂತ ಇದನ್ನು ಸಮರ್ಥಿಸುವವರೂ ಇದ್ದಾರೆ. ನಿಷೇಧ ಇರುವುದರಿಂದಲೇ ಇದು ಕಾಗದಕ್ಕೆ ಬರುವುದಿಲ್ಲ, ಕಾಗದಕ್ಕೆ ಬರದಿರುವುದರಿಂದ ಕೊನೆಗೆ ಕಡಿತ ಎಷ್ಟಾಗುತ್ತದೆ ಅನ್ನುವುದಕ್ಕೆ ಮಿತಿ ಇರುವುದಿಲ್ಲ. ಪಾಲಿನ ಮೇಲೆ ನಡೆಯುವ ಕೇಸಿನಲ್ಲಿ ಬೇಗ ರಾಜಿ ಮಾಡಿಸುವ ಆಸೆಯೂ ಸೇರಿಕೊಳ್ಳುತ್ತದೆ. 11 ಲಕ್ಷಕ್ಕೆ ಇನ್ನೆರಡು ವರ್ಷ ಹೋರಾಡುವ ಬದಲು 6 ಲಕ್ಷಕ್ಕೆ ಈ ವಾಯಿದೆಯಲ್ಲೇ ಮುಗಿಸೋಣ ಅನ್ನಿಸುವುದು ಮನುಷ್ಯ ಸಹಜ, ಅಲ್ವಾ? ನಷ್ಟ ಮಾತ್ರ ಕೈ ಕಳೆದುಕೊಂಡವರಿಗೆ.

ರಾಜಿಯ ಬಗ್ಗೆ ಎರಡು ವಿಷಯ ಗೊತ್ತಿರಲಿ. ಪರಿಹಾರದ ಹಕ್ಕನ್ನೇ ಬಿಟ್ಟುಕೊಡುವ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ಮಾಲೀಕರ ಜೊತೆ ಮಾಡಿಕೊಂಡ ಪರಿಹಾರದ ಒಪ್ಪಂದವನ್ನು ಪ್ರಾಧಿಕಾರದ ಮುಂದೆ ನೋಂದಾಯಿಸಬೇಕು, ಮೊತ್ತ ತೀರಾ ಕಡಿಮೆ ಅನ್ನಿಸಿದರೆ ಅವರು ನೋಂದಣಿ ನಿರಾಕರಿಸಬಹುದು. ಇನ್ನು ಲೋಕ್ ಅದಾಲತ್‌ನಲ್ಲಿ ಆದ ರಾಜಿಗೆ ಮೇಲ್ಮನವಿ ಇಲ್ಲ. ಅಲ್ಲಿ ತಲೆ ಆಡಿಸುವ ಮೊದಲು ನಿಮ್ಮ ಸೂತ್ರದ ಮೊತ್ತ ಎಷ್ಟು ಅಂತ ಚೀಟಿಯಲ್ಲಿ ಬರೆದಿಟ್ಟುಕೊಂಡಿರಬೇಕು.

ಉಚಿತ ವಕೀಲರು ಬಡವರಿಗಷ್ಟೇ ಅಲ್ಲ

ಇದು ಬಹಳ ಜನರಿಗೆ ಗೊತ್ತೇ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಉಚಿತ ವಕೀಲರಿಗೆ ಅರ್ಹರಾದವರ ಪಟ್ಟಿ ಕೊಡುತ್ತದೆ. ಅದರಲ್ಲಿ ಕಡಿಮೆ ಆದಾಯದವರು ಒಂದು ಗುಂಪು ಅಷ್ಟೇ. ಕೈಗಾರಿಕಾ ಕಾರ್ಮಿಕರು, ಮಹಿಳೆಯರು, ಅಂಗವೈಕಲ್ಯ ಇರುವವರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಪ್ರತ್ಯೇಕ ಗುಂಪುಗಳು, ಇವರಿಗೆ ಆದಾಯದ ಮಿತಿ ಅಡ್ಡ ಬರುವುದಿಲ್ಲ. ಕೆಲಸದಲ್ಲಿ ಗಾಯಗೊಂಡ ಬಹುಪಾಲು ಜನ ಇವುಗಳಲ್ಲಿ ಒಂದಕ್ಕೆ ಸೇರಿಯೇ ಸೇರುತ್ತಾರೆ. ಗಂಡ ತೀರಿಕೊಂಡು ಅರ್ಜಿ ಹಾಕುವ ಹೆಂಡತಿ ಮಹಿಳೆ ಅನ್ನುವ ಕಾರಣಕ್ಕೇ ಅರ್ಹಳು.

ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇರುತ್ತದೆ, ತಾಲ್ಲೂಕಿನಲ್ಲಿ ಸಮಿತಿ. ದೂರವಾಣಿ 15100. ಉಚಿತ ವಕೀಲರೆಂದರೆ ಅಸಡ್ಡೆ ಮಾಡುತ್ತಾರೆ ಅನ್ನುವ ದೂರು ಇದೆ, ಅದು ಪೂರ್ತಿ ಸುಳ್ಳೂ ಅಲ್ಲ. ಸರಿ ಇಲ್ಲದಿದ್ದರೆ ಬೇರೆ ವಕೀಲರನ್ನು ಕೊಡಿ ಅಂತ ಅದೇ ಪ್ರಾಧಿಕಾರಕ್ಕೆ ಬರೆದು ಕೇಳಬಹುದು.

ಮೊದಲ ವಾರದ ಕಾಗದ

ವಕೀಲರು ಎಷ್ಟೇ ಜಾಣರಿರಲಿ, ಮೊದಲ ವಾರ ಬರೆಯದೇ ಹೋದದ್ದನ್ನು ಎರಡು ವರ್ಷದ ಮೇಲೆ ಬರೆಸಲಾಗದು. ಆಸ್ಪತ್ರೆಯಲ್ಲಿ "ಹೇಗೆ ಆಯಿತು" ಅಂತ ಕೇಳಿದಾಗ ಕೊಟ್ಟ ಉತ್ತರ ಕೇಸ್ ಶೀಟಿನಲ್ಲಿ ಉಳಿಯುತ್ತದೆ. ಕರೆದುಕೊಂಡು ಹೋದ ಸೂಪರ್‌ವೈಸರ್ "ಮನೇಲಿ ಬಿದ್ದರು" ಅಂತ ಬರೆಸಿದರೆ ಆ ಒಂದು ಸಾಲೇ ಎದುರು ಪಕ್ಷದ ದೊಡ್ಡ ಅಸ್ತ್ರ. ಮೆಷಿನ್ ಹೆಸರು, ಜಾಗ, ಹೊತ್ತು, ಎಲ್ಲ ಅಲ್ಲೇ ಬರೆಸಬೇಕು. ಮಾಲೀಕರಿಗೆ ಲಿಖಿತ ನೋಟಿಸ್, ಅದು ತಲುಪಿದ ರಸೀದಿ. ಸಂಬಳ ಯುಪಿಐನಲ್ಲಿ ಬರುತ್ತಿದ್ದರೆ ಆ ಸ್ಟೇಟ್‌ಮೆಂಟು, ಶಿಫ್ಟ್ ಹಾಕಿದ ವಾಟ್ಸಾಪ್ ಮೆಸೇಜು, ಗೇಟ್ ಪಾಸು. ನೇಮಕ ಪತ್ರ ಇಲ್ಲದವರಿಗೆ ನೌಕರಿ ಸಾಬೀತು ಮಾಡುವುದು ಇವೇ. ಖಾಲಿ ಹಾಳೆಗೆ ಸಹಿ ಮಾತ್ರ ಬೇಡವೇ ಬೇಡ, "ಇನ್ಶೂರೆನ್ಸ್‌ಗೆ ಬೇಕು" ಅಂದರೂ ಸರಿ.

ಸಂಹಿತೆ ಬಂದ ಮೇಲೆ ಏನು ಬದಲು?

ಮೂಲ ಸೂತ್ರ, ಬಡ್ಡಿ, ದಂಡ, ಮುಖ್ಯ ಮಾಲೀಕರ ಹೊಣೆ ಬಹುಮಟ್ಟಿಗೆ ಹಾಗೇ ಇವೆ. ಆಯುಕ್ತರು ಅನ್ನುವ ಜಾಗದಲ್ಲಿ "ಸಕ್ಷಮ ಪ್ರಾಧಿಕಾರ" ಅನ್ನುವ ಮಾತು ಬಂದಿದೆ. ಕರ್ನಾಟಕದಲ್ಲಿ ಬಹಳ ಕಡೆ ಸೀನಿಯರ್ ಸಿವಿಲ್ ಜಡ್ಜ್‌ಗಳೇ ಆಯುಕ್ತರ ಕೆಲಸ ನೋಡುತ್ತಾ ಬಂದಿದ್ದಾರೆ. ಪರಿವರ್ತನೆಯ ಕಾಲದಲ್ಲಿ ಹಳೆ ನಿಯಮಗಳು ಮುಂದುವರಿಯುತ್ತವೆ ಅಂತ ಕೇಂದ್ರ ಹೇಳಿದೆ. ಹಾಗಾಗಿ ಹೆಸರು ಬದಲಾಯಿತು ಅಂತ ಕೇಸು ಬಿದ್ದುಹೋಗುವುದಿಲ್ಲ.

ನಿಜವಾಗಿ ಹೊಸದು ಎರಡು. ಮನೆಯಿಂದ ಕೆಲಸಕ್ಕೆ ಹೋಗುವಾಗ, ಬರುವಾಗ ಆದ ಅಪಘಾತವನ್ನೂ ಸಂಹಿತೆ ಕೆಲಸದ ಅಪಘಾತ ಅಂತಲೇ ಹಿಡಿಯುತ್ತದೆ, ಹೊತ್ತು, ಜಾಗ ಮತ್ತು ಸಂದರ್ಭಕ್ಕೆ ಕೆಲಸದ ಜೊತೆ ನಂಟು ಇರಬೇಕು ಅಷ್ಟೇ. ಹಳೆ ಪ್ರಕರಣಗಳಿಗೂ ಇದೇ ದಿಕ್ಕನ್ನು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ತೋರಿಸಿದೆ. 2003ರಲ್ಲಿ ಬೆಳಗಿನ ಜಾವದ ಪಾಳಿಗೆ ಬೈಕಿನಲ್ಲಿ ಹೊರಟು ದಾರಿಯಲ್ಲಿ ತೀರಿಕೊಂಡ ಸಕ್ಕರೆ ಕಾರ್ಖಾನೆ ಕಾವಲುಗಾರರ ಕುಟುಂಬಕ್ಕೆ ಪರಿಹಾರ ಸಿಗಬೇಕು ಅಂತ ಅದು ಹೇಳಿತು. 22 ವರ್ಷ ಬೇಕಾಯಿತು ಅನ್ನುವುದನ್ನೂ ಗಮನಿಸಿ. ಎರಡನೆಯದು ನೇಮಕ ಪತ್ರ. ಇನ್ನೊಂದು ಸಂಹಿತೆ ಅದನ್ನು ಕಡ್ಡಾಯ ಮಾಡಿದೆ. ನಿಜಕ್ಕೂ ಕೊಡಲು ಶುರುವಾದರೆ "ಇವರು ನಮ್ಮ ನೌಕರರೇ ಅಲ್ಲ" ಅನ್ನುವ ಹಳೆ ತಕರಾರಿನ ಹಲ್ಲು ಸಡಿಲವಾಗುತ್ತದೆ.

ಸಂಹಿತೆಗಳ ಬಗ್ಗೆ ಕಾರ್ಮಿಕ ಸಂಘಟನೆಗಳು ಎತ್ತಿದ ಆಕ್ಷೇಪಗಳಲ್ಲಿ ಈ ಪರಿಹಾರದ ಅಧ್ಯಾಯಕ್ಕೆ ತಟ್ಟುವುದು, ಆ್ಯಪ್ ಮೂಲಕ ದುಡಿಯುವ ಗಿಗ್ ಕೆಲಸಗಾರರ ವಿಷಯ. ಸಂಹಿತೆ ಅವರನ್ನು ಹೆಸರಿಟ್ಟು ಗುರುತಿಸಿದೆ, ಆದರೆ ನೌಕರರು ಅಂತ ಕರೆದಿಲ್ಲ. ಡೆಲಿವರಿ ಮಾಡುವಾಗ ಕಾಲು ಮುರಿದವರಿಗೆ 7ನೇ ಅಧ್ಯಾಯದ ಸೂತ್ರ ನೇರವಾಗಿ ಸಿಗುವುದಿಲ್ಲ, ಯೋಜನೆ ಮತ್ತು ವಿಮೆಯ ದಾರಿ ಹಿಡಿಯಬೇಕು. ಕರ್ನಾಟಕ 2025ರಲ್ಲಿ ಇವರಿಗಾಗಿ ಪ್ರತ್ಯೇಕ ಕಾನೂನು ಮಾಡಿರುವುದು ಇದೇ ಕಾರಣಕ್ಕೆ. ಇನ್ನು 15,000ದ ಗೇಟು. ಅದನ್ನು ಏರಿಸಲು ಕಾಯ್ದೆ ತಿದ್ದಬೇಕಿಲ್ಲ, ಕೇಂದ್ರದ ಒಂದು ಅಧಿಸೂಚನೆ ಸಾಕು. ಆದರೆ ಏರಿಸಿದರೂ ಅದರ ಲಾಭ ಆಮೇಲೆ ಗಾಯಗೊಂಡವರಿಗೆ. ಪರಿಹಾರದ ಮೊತ್ತಕ್ಕೆ ಅಪಘಾತದ ದಿನವೇ ಲೆಕ್ಕ.

ಅರ್ಜಿಯ ಗಡುವೂ ಆ ದಿನದಿಂದಲೇ ಎಣಿಕೆ. ಸಂಹಿತೆ ಜಾರಿಯಾಗುವ ಹಿಂದಿನ ದಿನ, 2025ರ ನವೆಂಬರ್ 20ರಂದು, ಗಾಯಗೊಂಡವರಿಗೆ 2027ರ ನವೆಂಬರ್ 20ರವರೆಗೆ ಕಾಲ ಇದೆ. ತಡವಾದರೆ ಕಾರಣ ಬರೆದು ಮನ್ನಾ ಕೇಳಬಹುದು. ಒಪ್ಪುವುದು ಬಿಡುವುದು ಪ್ರಾಧಿಕಾರಕ್ಕೆ ಬಿಟ್ಟದ್ದು.